ಯಾರ ಮೈಗೆ ಬಿದ್ದ ಬೆಳಕು

ಅನಿಮಲ್ ಕ್ರಾಸಿಂಗ್ ಎಂಬ ಜಪಾನಿನ ವಿಡಿಯೊ ಗೇಮ್ ಸರಣಿಯಲ್ಲಿ ಯುದ್ಧವಿಲ್ಲ, ಗೆಲ್ಲಬೇಕೆಂಬ ಆತುರವೂ ಇಲ್ಲ. ಪುಟ್ಟ ಊರೊಂದಕ್ಕೆ ಹೋಗಿ ನೆಲೆಸುವುದು, ಹಣ್ಣು ಕೀಳುವುದು, ಮೀನು ಹಿಡಿಯುವುದು, ಪ್ರಾಣಿರೂಪದ ನೆರೆಹೊರೆಯವರೊಡನೆ ಹರಟುವುದು, ಇಷ್ಟೇ ಅಲ್ಲಿಯ ಬದುಕು. ಇಂಥ ಸೌಮ್ಯವಾದ ಊರಿನಲ್ಲೂ ಬಹುಕಾಲ ಒಂದು ಬಾಗಿಲು ಮುಚ್ಚಿತ್ತು. 2012ರಲ್ಲಿ ಬಂದ ಆವೃತ್ತಿಯಲ್ಲಿ ಸಹ ಆಡುವವರು ತಮ್ಮ ಪಾತ್ರದ ಮೈಬಣ್ಣವನ್ನು ಆರಿಸಿಕೊಳ್ಳುವಂತಿರಲಿಲ್ಲ. ಎಲ್ಲರೂ ತಿಳಿಬಣ್ಣದವರೇ. ಆದರೆ ಆಟದೊಳಗಿನ ಬೇಸಗೆಯಲ್ಲಿ ಟೋಪಿ, ಕೊಡೆ ಇಲ್ಲದೆ ಬಿಸಿಲಿಗೆ ನಿಂತರೆ ಮೈ ಸ್ವಲ್ಪಸ್ವಲ್ಪವೇ ಕಂದುತ್ತಿತ್ತು. ಕಪ್ಪು ಮೈಬಣ್ಣದ ಎಷ್ಟೋ ಆಟಗಾರರು ತಮ್ಮನ್ನು ಹೋಲುವ ಪಾತ್ರ ಬೇಕೆಂದು ಅದನ್ನು ದಿನವೂ ಬಿಸಿಲಿಗೆ ಒಯ್ದು ನಿಲ್ಲಿಸಿದರು. ಕೆಲವು ದಿನ ಬಿಟ್ಟರೆ ಬಣ್ಣ ಮತ್ತೆ ತಿಳಿಯಾಗುತ್ತಿತ್ತು. ಮತ್ತೆ ಬಿಸಿಲು ಕಾಯಬೇಕು. ಮುಖ್ಯ ಸರಣಿಯಲ್ಲಿ ಮೈಬಣ್ಣ ಆರಿಸಿಕೊಳ್ಳುವ ಅವಕಾಶ ಬಂದದ್ದು 2020ರ ಆಟದಲ್ಲಿ.

ಆ ಬಿಸಿಲು ಕಾಯುವ ಕೆಲಸದ ಬಗ್ಗೆ ನಾವು ತುಸು ಯೋಚಿಸಬೇಕು. ಉಳಿದವರಿಗೆ ಆಟ ಶುರುವಾದ ಕ್ಷಣದಲ್ಲೇ ದೊರೆತದ್ದನ್ನು ಇವರು ದುಡಿದು ಪಡೆಯಬೇಕಾಯಿತು. ದುಡಿದು ಪಡೆದದ್ದೂ ಕೈಯಲ್ಲಿ ಉಳಿಯಲಿಲ್ಲ. ಆಟ ಕಟ್ಟಿದವರ ಮನಸ್ಸಿನಲ್ಲಿ ದ್ವೇಷವಿತ್ತೆ? ಇದ್ದಂತೆ ತೋರುವುದಿಲ್ಲ. ಅವರ ನೆನಪಿಗೆ ಇವರು ಬರಲಿಲ್ಲ, ಅಷ್ಟೇ. ಆದರೆ ನೆನಪಿಗೆ ಬಾರದೆ ಹೋಗುವುದು ದ್ವೇಷಕ್ಕಿಂತ ಹಗುರವಾದ ನೋವು ಎಂದು ನಾವು ಹೇಗೆ ಹೇಳಬಲ್ಲೆವು? ದ್ವೇಷಿಸುವವನು ಕಡೆಯಪಕ್ಷ ಎದುರಿಗಿರುವವನನ್ನು ಕಣ್ಣೆತ್ತಿ ನೋಡಿರುತ್ತಾನೆ.

ಆಟ ತಾನೇ, ಅದರಲ್ಲಿ ಮೈಬಣ್ಣಕ್ಕೆ ಇಷ್ಟೇಕೆ ಮಹತ್ವ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಕಥೆ ಓದುವಾಗ ನಾವು ಪಾತ್ರವನ್ನು ನೋಡುತ್ತೇವೆ. ಆಟ ಆಡುವಾಗ ಪಾತ್ರದೊಳಗೆ ಹೊಕ್ಕು ಅಲ್ಲಿಂದ ಲೋಕವನ್ನು ನೋಡುತ್ತೇವೆ. ಮೊಬೈಲ್ ಹಿಡಿದು ಆಡುವ ಮಗುವಿನ ಮಾತನ್ನು ಕೇಳಿಸಿಕೊಳ್ಳಿ. 'ಅವನು ಬಿದ್ದ' ಎಂದು ಅದು ಹೇಳುವುದಿಲ್ಲ. ನಾನು ಬಿದ್ದೆ, ನಾನು ಸತ್ತೆ, ನಾನು ಗೆದ್ದೆ ಎನ್ನುತ್ತದೆ. ಹೀಗೆ 'ನಾನು' ಎಂದು ಕರೆದುಕೊಳ್ಳುವ ದೇಹ ಪ್ರತಿ ಆಟದಲ್ಲೂ ತನ್ನದಲ್ಲದ ಬಣ್ಣದ್ದೇ ಆಗಿದ್ದರೆ, ಸಾಹಸ ಮಾಡುವವರು, ಪ್ರೀತಿಗೆ ಪಾತ್ರರಾಗುವವರು, ಲೋಕವನ್ನು ಉಳಿಸುವವರು ಬೇರೆ ಯಾರೋ ಎಂಬ ಪಾಠವನ್ನು ಆ ಮಗು ಯಾರೂ ಹೇಳಿಕೊಡದೆ ಕಲಿಯುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞರಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆಗಳನ್ನಿಟ್ಟು ಯಾವುದು ಒಳ್ಳೆಯದು ಎಂದು ಕೇಳಿದಾಗ ಹೆಚ್ಚಿನ ಮಕ್ಕಳು ಬಿಳಿಯದನ್ನೇ ತೋರಿಸಿದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು 1954ರಲ್ಲಿ ತೀರ್ಪಿತ್ತ ಆ ದೇಶದ ಸುಪ್ರೀಂ ಕೋರ್ಟ್ ಈ ಅಧ್ಯಯನವನ್ನೂ ಗಮನಕ್ಕೆ ತಂದುಕೊಂಡಿತ್ತು. ಗೊಂಬೆ ಕೈಯಲ್ಲಿರುತ್ತದೆ, ಆಟದ ಪಾತ್ರವಂತೂ ಮಗುವೇ ಆಗಿಬಿಡುತ್ತದೆ. ಹಾಗಾದರೆ ಯಾವುದರ ಪ್ರಭಾವ ಆಳವಾದೀತು?

ಮೊದಲ ದಿನಗಳಲ್ಲಿ ಯಂತ್ರಗಳಿಗೆ ಶಕ್ತಿ ಸಾಲದಿತ್ತು ಎಂಬುದು ನಿಜ. 1981ರಲ್ಲಿ ಡಾಂಕಿ ಕಾಂಗ್ ಆಟದೊಡನೆ ಹುಟ್ಟಿದ ಮಾರಿಯೊಗೆ ಬಾಯಿ ಬಿಡಿಸಲು ಜಾಗವಿಲ್ಲದೆ ಮೀಸೆ ಬಂತು, ಕೂದಲು ಬಿಡಿಸುವ ಕಷ್ಟಕ್ಕೆ ಪರಿಹಾರವಾಗಿ ಟೋಪಿ ಬಂತು. 1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊ ಯಂತ್ರದಲ್ಲಿ ಪಾತ್ರದ ಒಂದೊಂದು ತುಣುಕಿಗೆ ಮೂರೇ ಬಣ್ಣ. ಅಷ್ಟರಲ್ಲೇ ಲೋಕವೆಲ್ಲ ಗುರುತಿಸುವ ಮುಖವೊಂದನ್ನು ಕೆತ್ತಿದ ಕಲಾವಿದರ ಜಾಣ್ಮೆ ದೊಡ್ಡದು. ಆದರೆ ಯಂತ್ರ ಮೂರೇ ಬಣ್ಣ ಎಂದು ಹೇಳಿತೇ ಹೊರತು, ಮೈಗೆ ಯಾವ ಬಣ್ಣ ಎಂದು ಹೇಳಲಿಲ್ಲ. ಅದನ್ನು ಹೇಳಿದವರು ಮನುಷ್ಯರು.

ಬಣ್ಣಕ್ಕಿಂತ ಸೂಕ್ಷ್ಮವಾದ ಸಂಗತಿ ಬೆಳಕಿನದು. ಈ ವಿಷಯದ ತಿರುಳೇ ಅಲ್ಲಿದೆ ಎಂದು ನನಗನ್ನಿಸುತ್ತದೆ. ಫಿಲ್ಮ್ ರೋಲಿನ ಕಾಲದಲ್ಲಿ ಕೊಡಾಕ್ ಕಂಪನಿ ಫೋಟೊ ಮುದ್ರಿಸುವ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಲೆಂದು ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಂಗಸು. ಶರ್ಲಿ ಕಾರ್ಡ್ ಎಂದೇ ಅದಕ್ಕೆ ಹೆಸರಾಯಿತು. ಆ ಮೈಬಣ್ಣ ಸರಿಯಾಗಿ ಮೂಡಿತೆಂದರೆ ಎಲ್ಲವೂ ಸರಿ ಎಂಬುದು ನಿಯಮ. ಬಿಳಿ ಮಕ್ಕಳೂ ಕಪ್ಪು ಮಕ್ಕಳೂ ಒಟ್ಟಿಗೆ ಕೂತ ಶಾಲೆಯ ಗುಂಪುಚಿತ್ರದಲ್ಲಿ ಕಪ್ಪು ಮಕ್ಕಳ ಮುಖದ ವಿವರಗಳೆಲ್ಲ ಅಳಿಸಿಹೋಗುತ್ತಿದ್ದವು. ಆ ಫಿಲ್ಮಿನ ಗುಣ ಸುಧಾರಿಸಲು ಚಾಕೊಲೇಟ್ ತಯಾರಕರ ಮತ್ತು ಮರದ ಪೀಠೋಪಕರಣ ಮಾಡುವವರ ದೂರುಗಳು ಕಾರಣವಾದವೆಂದು ಕೆನಡಾದ ವಿದ್ವಾಂಸೆ ಲೋರ್ನಾ ರಾತ್ ದಾಖಲಿಸಿದ್ದಾರೆ. ಮರದ ಕಂದಿನಲ್ಲಿ ಎಷ್ಟೊಂದು ಛಾಯೆಗಳಿವೆ ಎಂಬುದು ಮೊದಲು ಕಂಡಿತು. ಮನುಷ್ಯರ ಕಂದಿನಲ್ಲಿಯೂ ಇವೆ ಎಂಬುದು ಆ ದಾರಿಯಲ್ಲಿ ಕಂಡಿತು. ಇದನ್ನು ಓದಿದಾಗ ಆಗುವ ವಿಷಾದ ಸಣ್ಣದಲ್ಲ.

ಕಂಪ್ಯೂಟರ್ ಚಿತ್ರಗಳ ಲೋಕದಲ್ಲೂ ಇಂಥದೇ ಒಂದು ಅಧ್ಯಾಯ ನಡೆಯಿತು. ಚರ್ಮ ಗೋಡೆಯಂತೆ ಬೆಳಕನ್ನು ತಡೆದು ಹಿಂದಕ್ಕೆ ಕಳಿಸುವುದಿಲ್ಲ; ಬೆಳಕು ಅದರೊಳಗೆ ಇಳಿದು, ಚದುರಿ, ಬೇರೊಂದು ಕಡೆ ಹೊರಬರುತ್ತದೆ. ಇದನ್ನು ಲೆಕ್ಕ ಹಾಕುವ ಸುಲಭ ಮಾರ್ಗವನ್ನು ಹೆನ್ರಿಕ್ ವಾನ್ ಜೆನ್ಸನ್ ಮತ್ತು ಸಂಗಡಿಗರು 2001ರಲ್ಲಿ ಕೊಟ್ಟ ಮೇಲೆ ಪರದೆಯ ಮುಖಗಳಿಗೆ ಪ್ಲಾಸ್ಟಿಕ್ಕಿನ ಕಳೆ ಹೋಗಿ ಜೀವಕಳೆ ಬಂತು. ಚೆಲುವಾದ ಗಣಿತ ಅದು. ಆದರೆ ಒಳಗಿನಿಂದ ಕೆಂಪಾಗಿ ಮಿನುಗುವುದು ತಿಳಿಬಣ್ಣದ ಚರ್ಮದಲ್ಲಿ ಎದ್ದು ಕಾಣುವ ಗುಣ. ಕಪ್ಪು ಚರ್ಮದಲ್ಲಿ ಮೆಲನಿನ್ ಆ ಬೆಳಕನ್ನು ಬಹುಪಾಲು ಹೀರಿಕೊಳ್ಳುತ್ತದೆ. ಅಲ್ಲಿ ಚೆಲುವು ಇರುವುದು ಮೇಲ್ಮೈಯ ಹೊಳಪಿನಲ್ಲಿ, ಕೆನ್ನೆಯೆಲುಬಿನ ಮೇಲೆ, ಹಣೆಯ ತಿರುವಿನಲ್ಲಿ, ಭುಜದ ಅಂಚಿನಲ್ಲಿ ಜಾರುವ ಬೆಳಕಿನಲ್ಲಿ. ಯೇಲ್ ವಿಶ್ವವಿದ್ಯಾಲಯದ ಥಿಯೊಡರ್ ಕಿಮ್ 2020ರಲ್ಲಿ ಎತ್ತಿದ ಪ್ರಶ್ನೆ ಇದೇ: ಒಂದು ಬಗೆಯ ಮೈಯ ಗುಣವನ್ನು ಅಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಿ ಅದನ್ನೇ ಮನುಷ್ಯರೆಲ್ಲರ ಚರ್ಮವೆಂದು ಕರೆದದ್ದು ಏಕೆ? ಗಣಿತಕ್ಕೆ ಪಕ್ಷಪಾತವಿರಲಾರದು. ಆದರೆ ಯಾವ ಲೆಕ್ಕವನ್ನು ಮೊದಲು ಮಾಡಬೇಕೆಂದು ಗಣಿತ ತಾನಾಗಿ ಹೇಳುವುದೂ ಇಲ್ಲ.

ತಿಳಿ ಮುಖಕ್ಕಾಗಿ ಕಟ್ಟಿದ ಬೆಳಕಿನಲ್ಲಿ ಕಪ್ಪು ಮುಖವನ್ನು ನಿಲ್ಲಿಸಿದರೆ ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ತೋಳು ಮಡಚಿ ತೊಟ್ಟ ಹಾಗಾಗುತ್ತದೆ. 2014ರಲ್ಲಿ ಬಂದ ಸಿಮ್ಸ್ 4 ಆಟದಲ್ಲಿ ಆದದ್ದು ಇದೇ. ಅದರಲ್ಲಿ ಗಾಢ ಬಣ್ಣಗಳಿದ್ದವು. ಇದ್ದೂ ಬೂದಿ ಮೆತ್ತಿದಂತೆ, ಕಲೆ ಬಿದ್ದಂತೆ ಕಾಣುತ್ತಿದ್ದವು. ಆಡುವವರು ವರ್ಷಗಟ್ಟಲೆ ದೂರಿದರು. ಅವರಲ್ಲೇ ಕೆಲವರು ಕಂಪನಿಗಾಗಿ ಕಾಯದೆ ತಾವೇ ಚೆಂದದ ಕಪ್ಪು, ಕಂದು ಬಣ್ಣಗಳನ್ನು ರಚಿಸಿ ಉಳಿದವರಿಗೆ ಹಂಚಿದರು. ಕೊನೆಗೆ 2020ರ ಡಿಸೆಂಬರ್‌ನಲ್ಲಿ ಕಂಪನಿ ನೂರಕ್ಕೂ ಹೆಚ್ಚು ಹೊಸ ಮೈಬಣ್ಣಗಳನ್ನು ಸೇರಿಸಿತು. ಸಂತೋಷವೇ. ಆದರೆ ನೂರು ಎಂಬ ಸಂಖ್ಯೆಗೆ ನಾವು ಮಾರುಹೋಗಬೇಕಾಗಿಲ್ಲ. ವೈದ್ಯರು ಬಳಸುವ ಫಿಟ್ಸ್‌ಪ್ಯಾಟ್ರಿಕ್ ಮಾಪಕದಲ್ಲಿ ಆರು ಬಗೆ, ಅದನ್ನು ಅನುಸರಿಸಿ 2015ರಲ್ಲಿ ಬಂದ ಇಮೋಜಿಗಳಲ್ಲಿ ಐದು, ಸಮಾಜಶಾಸ್ತ್ರಜ್ಞ ಎಲ್ಲಿಸ್ ಮಾಂಕ್ ರೂಪಿಸಿ ಗೂಗಲ್ 2022ರಲ್ಲಿ ಅಳವಡಿಸಿಕೊಂಡ ಮಾಪಕದಲ್ಲಿ ಹತ್ತು. ಎಣಿಕೆ ಬೇಕು. ಆದರೆ ಮನೆಯಲ್ಲಿ ಒಬ್ಬಳೇ ತಾಯಿಯ ಮೈಬಣ್ಣ ಬೆಳಗಿನ ಅಂಗಳದಲ್ಲಿ ಒಂದು, ಒಲೆಯ ಮುಂದೆ ಇನ್ನೊಂದು ಎಂಬುದನ್ನು ಕಂಡ ಕಣ್ಣಿಗೆ ಗೊತ್ತು, ಬಣ್ಣವನ್ನು ಪಟ್ಟಿಯಿಂದ ಹೆಕ್ಕಿದ ಮೇಲೂ ಅದರ ಮೇಲೆ ಬೆಳಕು ಹೇಗೆ ನಿಲ್ಲುತ್ತದೆಂದು ನೋಡುವ ಕೆಲಸ ಪೂರ್ತಿ ಬಾಕಿಯಿರುತ್ತದೆ.

ಇಲ್ಲಿ ನಮ್ಮ ನಾಡಿನ ನೆನಪು ತಾನಾಗಿ ಬರುತ್ತದೆ. 2017ರಲ್ಲಿ ನಾಟಿ ಡಾಗ್ ಕಂಪನಿ ತಂದ ಅನ್‌ಚಾರ್ಟೆಡ್ ಸರಣಿಯ ಲಾಸ್ಟ್ ಲೆಗಸಿ ಆಟ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಹೊಯ್ಸಳರ ಕಾಲದ ಗಣೇಶನ ದಂತವೊಂದನ್ನು ಹುಡುಕಿ ಹೊರಟವರು ಇಬ್ಬರು ಹೆಂಗಸರು: ಭಾರತೀಯ ತಂದೆಯ ಮಗಳಾದ ಕ್ಲೋಯಿ ಫ್ರೇಜರ್ ಮತ್ತು ದಕ್ಷಿಣ ಆಫ್ರಿಕಾದ ಕಪ್ಪು ಮಹಿಳೆ ನಡೀನ್ ರಾಸ್. ಬೇಲೂರು, ಹಳೇಬೀಡುಗಳ ಹೆಸರು ಆ ಕಥೆಯೊಳಗೆ ಬರುತ್ತದೆ. ಇತಿಹಾಸದ ಕಣ್ಣಿಂದ ನೋಡಿದರೆ ಅದರಲ್ಲಿ ಕಲ್ಪನೆಯ ಪಾಲೇ ಹೆಚ್ಚು. ಆ ತಕರಾರನ್ನು ಬೇರೆಡೆ ಮಾಡಬಹುದು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಕಂದು ಮೈಯ ಇಬ್ಬರು ಹೆಂಗಸರು ಹೊಯ್ಸಳ ಕಲ್ಲಿನ ನಡುವೆ ನಾಯಕಿಯರಾಗಿ ನಡೆಯುತ್ತಾರೆ; ಘಟ್ಟದ ಬಿಸಿಲು, ಮಳೆ, ನೆರಳು ಅವರ ಮುಖದ ಮೇಲೆ ಒಂದೊಂದು ರೀತಿಯಲ್ಲಿ ಬೀಳುವುದನ್ನು ಕಲಾವಿದರು ಗಮನವಿಟ್ಟು ಬಿಡಿಸಿದ್ದಾರೆ. 

ಆ ಕಲ್ಲನ್ನೇ ಒಂದಿಷ್ಟು ನೋಡೋಣ. ಬೇಲೂರಿನ ಮದನಿಕೆಯರು ಕಪ್ಪುಗಲ್ಲಿನವರು. ಬಳಪದ ಕಲ್ಲು ಅಗೆದು ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ, ನಯ ಮಾಡಿದರೆ ಹೊಳಪು ಪಡೆಯುತ್ತದೆ. ಆ ಶಿಲ್ಪಿಗಳು ಕಪ್ಪು ಮೈಗೆ ಬೆಳಕು ಹೇಗೆ ಒಲಿಯುತ್ತದೆಂದು ಬಲ್ಲವರು. ಒಡವೆಯ ಹಿಂದೆ ಆಳವಾಗಿ ಕೊರೆದು ನೆರಳು ತುಂಬಿದರು, ಕೆನ್ನೆ, ತೋಳು, ಸೊಂಟಗಳನ್ನು ನಯಗೊಳಿಸಿ ಬೆಳಕಿಗೆ ಜಾರುವ ದಾರಿ ಮಾಡಿದರು. ಅವರಿಗೆ ಕಪ್ಪು ಒಂದು ಕೊರತೆಯಾಗಿ ಕಂಡಿರಲಿಲ್ಲ, ನಿವಾರಿಸಬೇಕಾದ ತೊಡಕಾಗಿಯೂ ಕಂಡಿರಲಿಲ್ಲ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಉಳಿ ಹಿಡಿದ ಕೈ ಅರಿತಿದ್ದನ್ನು ಇಂದಿನ ಯಂತ್ರ ಮತ್ತೆ ಮೊದಲಿನಿಂದ ಕಲಿಯಬೇಕಾಗಿ ಬಂದದ್ದು ಏಕೆ? ಬಿಡಿಸುವುದೆಂದರೆ ಮೊದಲು ದೀರ್ಘವಾಗಿ ನೋಡುವುದು. ಯಾರನ್ನು ದೀರ್ಘವಾಗಿ ನೋಡುವ ಮನಸ್ಸು ನಮಗಿದೆಯೋ ಅವರು ಮಾತ್ರ ನಮ್ಮ ಕಲೆಯಲ್ಲಿ ಪೂರ್ಣವಾಗಿ ಹುಟ್ಟುತ್ತಾರೆ.

ಹಾಗೆಂದು ಕಪ್ಪು, ಕಂದು ಮುಖಗಳು ಪರದೆಯ ಮೇಲೆ ಬಂದವೆಂದರೆ ಸಾಕೆ? 1991ರ ಸ್ಟ್ರೀಟ್ ಫೈಟರ್ 2 ಆಟದಲ್ಲಿ ಧಾಲ್ಸಿಮ್ ಎಂಬ ಭಾರತೀಯನಿದ್ದ. ಕೊರಳಲ್ಲಿ ತಲೆಬುರುಡೆಯ ಮಾಲೆ, ಬೇಕೆಂದಷ್ಟು ಉದ್ದಕ್ಕೆ ಚಾಚುವ ಕೈಕಾಲು, ಬಾಯಲ್ಲಿ ಬೆಂಕಿ. ವಿಡಿಯೊ ಗೇಮ್ ಪಾರ್ಲರುಗಳಲ್ಲಿ ನಮ್ಮ ಒಂದು ತಲೆಮಾರಿನ ಹುಡುಗರು ಅವನನ್ನೇ ಮೆಚ್ಚಿ ಆರಿಸಿಕೊಂಡರು, ಏಕೆಂದರೆ ನಮ್ಮವನೆಂದು ಇದ್ದವನು ಅವನೊಬ್ಬನೇ. ಆ ಮೆಚ್ಚುಗೆಯನ್ನು ನಾನು ಹಗುರ ಮಾಡಲಾರೆ. ಆದರೆ ಒಂದು ದೇಶದ ಜನರಿಗೆಲ್ಲ ಒಂದೇ ಮುಖವಿದ್ದು ಅದೂ ವಿಚಿತ್ರದ್ದಾಗಿದ್ದರೆ, ಅದು ಆ ದೇಶವನ್ನು ನೋಡಿದ್ದರ ಗುರುತೋ, ನೋಡದೆ ಊಹಿಸಿದ್ದರ ಗುರುತೋ? 2009ರ ರೆಸಿಡೆಂಟ್ ಈವಿಲ್ 5 ಆಟದಲ್ಲಿ ಆಫ್ರಿಕಾದ ಜನ ತುಂಬ ಇದ್ದರು. ಬಿಳಿಯ ನಾಯಕನ ಗುಂಡಿಗೆ ಎದುರಾಗುವ ರೋಗಗ್ರಸ್ತ ಗುಂಪಾಗಿ ಇದ್ದರು. ಅದರ ಮುನ್ನೋಟ ಬಂದಾಗಲೇ ಲೋಕದ ಹಲವೆಡೆ ಆಕ್ಷೇಪ ಎದ್ದಿತ್ತು. ಗುಂಪಿನಲ್ಲಿ ಸಾವಿರ ಮುಖಗಳಿದ್ದರೂ, ಹೆಸರು ಹಿಡಿದು ಕರೆಯಬಹುದಾದ ಒಂದು ಮುಖದ ತೂಕ ಅವುಗಳಿಗೆ ಬರಲಾರದು.

ಇದಕ್ಕಿಂತ ನವಿರಾದ, ಅದರಿಂದಲೇ ಹೆಚ್ಚು ಕಾಡುವ ಉದಾಹರಣೆ ಗೆನ್‌ಶಿನ್ ಇಂಪ್ಯಾಕ್ಟ್. ಚೀನಾದ ಈ ಆಟ 2022ರಲ್ಲಿ ಸುಮೇರು ಎಂಬ ಹೊಸ ನಾಡನ್ನು ತೆರೆಯಿತು. ಹೆಸರು ನಮ್ಮ ಪುರಾಣಗಳ ಪರ್ವತದ್ದು. ಕಾಡು, ವಾದ್ಯ, ನೃತ್ಯ, ಉಡುಪುಗಳಲ್ಲಿ ದಕ್ಷಿಣ ಏಷ್ಯಾ ಇದೆ, ಪಶ್ಚಿಮ ಏಷ್ಯಾ ಇದೆ, ಉತ್ತರ ಆಫ್ರಿಕಾ ಇದೆ. ಸಂಗೀತವಂತೂ ಬಹಳ ಸೊಗಸು. ಆದರೆ ಆ ನಾಡಿನ ಮುಖ್ಯ ಪಾತ್ರಗಳಲ್ಲಿ ಹೆಚ್ಚಿನವರು ಬೆಳ್ಳಗಿನವರು. ಎರಡು ಮೂರು ಮುಖಗಳಿಗೆ ಮಾತ್ರ ತುಸು ಕಂದು ಬಣ್ಣ. ಒಂದು ಜನಪದದ ಹಾಡು ಬೇಕು, ಬಟ್ಟೆ ಬೇಕು, ದೇವತೆಗಳ ಹೆಸರು ಬೇಕು, ಆ ಜನರ ಮೈ ಮಾತ್ರ ಬೇಡ ಎಂದರೆ ಅದನ್ನು ಪ್ರೀತಿ ಎನ್ನಬಹುದೆ? ಇದನ್ನು ಕೇಳುವ ಹಕ್ಕು ನಮಗಿದೆ. ಜೊತೆಗೆ ನಮ್ಮನ್ನೂ ಕೇಳಿಕೊಳ್ಳಬೇಕಾದೀತು. ಕೃಷ್ಣನೂ ದ್ರೌಪದಿಯೂ ಕಪ್ಪು ಎಂದು ಕಥೆ ಕೇಳುತ್ತ ಬೆಳೆದ ನಾವು, ಕ್ಯಾಲೆಂಡರ್ ಚಿತ್ರಗಳಲ್ಲಿ, ಮಕ್ಕಳ ಚಿತ್ರಕಥೆಗಳಲ್ಲಿ ಅವನನ್ನು ನೀಲಿಯಾಗಿಸಿ ಅವಳನ್ನು ಬೆಳ್ಳಗಾಗಿಸಿ, ಕಪ್ಪನ್ನು ರಾಕ್ಷಸರಿಗೆ ಮೀಸಲಿಟ್ಟೆವಲ್ಲವೆ? ಫೇರ್ ಅಂಡ್ ಲವ್ಲಿ ಎಂಬ ಹೆಸರು 2020ರಲ್ಲಿ ಬದಲಾಯಿತು. ವಧುವಿನ ಬಣ್ಣ ಕೇಳುವ ನಮ್ಮ ನಾಲಿಗೆ ಬದಲಾಯಿತೆ?

ಇತಿಹಾಸಕ್ಕೆ ನಿಷ್ಠೆ ಬೇಡವೆ ಎಂಬ ಆಕ್ಷೇಪವೊಂದಿದೆ. 2025ರ ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್ ಆಟದ ಇಬ್ಬರು ನಾಯಕರಲ್ಲಿ ಒಬ್ಬ ಯಸುಕೆ ಎಂಬ ಕಪ್ಪು ಯೋಧ ಎಂದಾಗ, ಜಪಾನಿನ ಕಥೆಯಲ್ಲಿ ಆಫ್ರಿಕಾದವನೇಕೆ ಎಂದು ಅನೇಕರು ಸಿಟ್ಟಾದರು. ಯಸುಕೆ ಕಟ್ಟುಕಥೆಯಲ್ಲ. ಜೆಸ್ವಿಟ್ ಪಾದ್ರಿ ವಲಿನ್ಯಾನೊ ಜೊತೆ 1579ರಲ್ಲಿ ಜಪಾನಿಗೆ ಬಂದು, ಮುಂದೆ ಒಡೆಯ ನೊಬುನಾಗನ ಸೇವೆಗೆ ಸೇರಿದ ಅವನ ಸುದ್ದಿ ಆ ಕಾಲದ ದಾಖಲೆಗಳಲ್ಲಿದೆ. ಆ ಪಾದ್ರಿ ಪೂರ್ವದೇಶಗಳಿಗೆ ಬಂದದ್ದು ಗೋವೆಯ ಮೂಲಕ. ಅದೇ ಕಡಲದಾರಿಯ ವ್ಯಾಪಾರದಲ್ಲಿ ಆಫ್ರಿಕಾದಿಂದ ತರಲ್ಪಟ್ಟ ಜನರ ಸಂತತಿಯೇ ನಮ್ಮ ಉತ್ತರ ಕನ್ನಡದ ಸಿದ್ದಿಯರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಅವರು ತಲೆಮಾರುಗಳಿಂದ ಕೃಷಿ ಮಾಡಿಕೊಂಡು, ಕೊಂಕಣಿ ಕನ್ನಡ ಆಡಿಕೊಂಡು ಇದ್ದಾರೆ. ಆಫ್ರಿಕಾದಿಂದ ಬಂದು ದಖ್ಖನಿನಲ್ಲಿ ಅಧಿಕಾರ ನಡೆಸಿದ ಮಲಿಕ್ ಅಂಬರ್‌ನ ನೆಲವೂ ಇಲ್ಲಿಂದ ದೂರವಿಲ್ಲ. ಕಪ್ಪು ಮನುಷ್ಯ ಎಲ್ಲಿ ಇರಬಹುದು, ಎಲ್ಲಿ ಇರಬಾರದು ಎಂದು ಗೆರೆ ಎಳೆದವರು ಯಾರು? ಇತಿಹಾಸವಂತೂ ಎಳೆದಿಲ್ಲ. ನಮ್ಮ ಕಲ್ಪನೆಗಿಂತ ಇತಿಹಾಸದ ಮನೆಯೇ ದೊಡ್ಡದು.

ರಸ್ಟ್ ಎಂಬ ಇನ್ನೊಂದು ಆಟ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿತು. ಬ್ರಿಟನ್ನಿನ ಫೇಸ್‌ಪಂಚ್ ಸ್ಟುಡಿಯೊ 2015ರಲ್ಲಿ ಅದರ ಆಟಗಾರರಿಗೆ ಮೈಬಣ್ಣವನ್ನು ತಾನೇ ಹಂಚಿಬಿಟ್ಟಿತು. ಯಾರಿಗೆ ಯಾವುದು ಬಂತೋ ಅದೇ, ಬದಲಿಸುವಂತಿಲ್ಲ. ಮರುವರ್ಷ ಗಂಡು ಹೆಣ್ಣೆಂಬುದನ್ನೂ ಹಾಗೇ ಹಂಚಿತು. ಕೆಲವರು ಸುಮ್ಮನೆ ಒಪ್ಪಿಕೊಂಡರು, ಕೆಲವರು ಕೆರಳಿದರು. ನನ್ನದಲ್ಲದ ಮೈಯಲ್ಲಿ ನಾನು ಏಕೆ ಆಡಬೇಕು ಎಂದು ಕೇಳಿದ ಬಿಳಿಯ ಆಟಗಾರನ ಪ್ರಶ್ನೆ ನ್ಯಾಯವಾದದ್ದೇ. ಆ ಪ್ರಶ್ನೆಯನ್ನು ಕಪ್ಪು ಆಟಗಾರರು ಮೂರು ದಶಕ ನುಂಗಿಕೊಂಡಿದ್ದರು ಎಂಬುದು ಅವನಿಗೆ ಆ ದಿನ ಹೊಳೆದಿದ್ದರೆ ಎಷ್ಟು ಚೆನ್ನಾಗಿತ್ತು.

ಈ ಪ್ರಯೋಗದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಹುಟ್ಟುವಾಗ ನಮ್ಮನ್ನು ಯಾರೂ ಕೇಳುವುದಿಲ್ಲ. ಬಣ್ಣ, ಕುಲ, ಊರು, ಭಾಷೆ ಎಲ್ಲವೂ ಕೇಳದೆ ಬಂದವು. ಕೇಳದೆ ಬಂದದ್ದರ ಬಗ್ಗೆ ಹೆಮ್ಮೆಯಾಗಲಿ ನಾಚಿಕೆಯಾಗಲಿ ಪಡುವುದಕ್ಕೆ ಕಾರಣವೇನಿದೆ? ಹೀಗೆ ತರ್ಕ ಮಾಡಿ ನಾವು ಎಲ್ಲ ಬಣ್ಣವೂ ಒಂದೇ ಎಂಬ ಸಮಾಧಾನಕ್ಕೆ ಬರಬಹುದು. ಆದರೆ ಆ ಸಮಾಧಾನ ಬೇಗ ಬಂದುಬಿಟ್ಟರೆ ಅದು ಸುಳ್ಳಾಗುತ್ತದೆ. ಆಟದಲ್ಲಿ ಬಂದ ಬಣ್ಣ ಹಿಡಿಸದಿದ್ದರೆ ಯಂತ್ರ ಆರಿಸಿ ಎದ್ದು ಹೋಗಬಹುದು. ಬೀದಿಯಲ್ಲಿ ಆ ಬಣ್ಣ ಹೊತ್ತು ನಡೆಯುವವರಿಗೆ ಎದ್ದು ಹೋಗುವ ಜಾಗವಿಲ್ಲ. ಕೆಲವು ಗಂಟೆ ಇನ್ನೊಬ್ಬರ ಮೈಯಲ್ಲಿದ್ದು ಬಂದೆವು ಎಂದು ಅವರ ಬದುಕು ನಮಗೆ ತಿಳಿಯಿತೆಂದು ಭಾವಿಸಬಾರದು. ತಿಳಿಯದಿದ್ದರೂ ತಿಳಿಯಬೇಕೆಂಬ ಆಸೆ ಹುಟ್ಟಿದರೆ ಅದು ದೊಡ್ಡ ಲಾಭ. ಆದ್ದರಿಂದ ಎರಡೂ ಬೇಕೆಂದು ನಾನು ನಂಬುತ್ತೇನೆ. ತನ್ನಂತೆಯೇ ಇರುವ ಮುಖದಲ್ಲಿ ಆಡುವ ಅವಕಾಶ ಪ್ರತಿ ಮಗುವಿಗೂ ಬೇಕು; ತನ್ನಂತಿಲ್ಲದ ಮುಖವನ್ನು 'ನಾನು' ಎಂದು ಕರೆದು ಆಡುವ ಅಭ್ಯಾಸವೂ ಬೇಕು. ಇಲ್ಲಿಯವರೆಗೆ ಮೊದಲನೆಯದು ಬಹುಮಟ್ಟಿಗೆ ಬಿಳಿಯ ಮಕ್ಕಳಿಗೆ ದೊರೆಯಿತು, ಎರಡನೆಯದು ಉಳಿದವರ ಪಾಲಿಗೆ ಬಂತು.

ಕಾಲ ಬದಲಾಗುತ್ತಿದೆ. ಪುಣೆಯ ತಂಡವೊಂದು 2020ರಲ್ಲಿ ತಂದ ರಾಜಿ ಎಂಬ ಆಟದ ನಾಯಕಿ ನಮ್ಮ ಕಡೆಯ ಹುಡುಗಿ. ಕೆನಡಾದಿಂದ 2023ರಲ್ಲಿ ಬಂದ ವೆಣ್ಬಾದಲ್ಲಿ ವಲಸೆ ಹೋದ ತಮಿಳು ತಾಯಿಯೊಬ್ಬಳು ಮಗನಿಗೆ ಇಡ್ಲಿ ಬೇಯಿಸುತ್ತಾಳೆ. ಅವಳು ಬೆಂಕಿ ಉಗುಳಬೇಕಾಗಿಲ್ಲ, ಕೈ ಚಾಚಬೇಕಾಗಿಲ್ಲ. ಮನೆಯ ಬೆಳಕಿನಲ್ಲಿ ಕಂದು ಮೈಯ ಒಬ್ಬ ಹೆಂಗಸಾಗಿ ಇದ್ದರೆ ಸಾಕು. ಧಾಲ್ಸಿಮ್‌ನಿಂದ ಅವಳವರೆಗಿನ ದಾರಿ ಮೂವತ್ತು ವರ್ಷಗಳಿಗಿಂತ ಉದ್ದದ್ದು.

ಈ ದಾರಿಯಲ್ಲಿ ಬೆಂಗಳೂರಿಗೆ ಒಂದು ವಿಶೇಷ ಹೊಣೆಯಿದೆ. 1997ರಲ್ಲಿ ಇಲ್ಲಿ ಧ್ರುವ ಇಂಟರ್‌ಆಕ್ಟಿವ್ ಶುರುವಾದಂದಿನಿಂದ ಜಗತ್ತಿನ ದೊಡ್ಡ ದೊಡ್ಡ ಆಟಗಳ ಚಿತ್ರಕೆಲಸ ನಮ್ಮ ತರುಣರ ಕೈಯಲ್ಲಿ ನಡೆಯುತ್ತ ಬಂದಿದೆ. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಕಂಪನಿ ಕೊಂಡು ತನ್ನ ಬೆಂಗಳೂರು ಸ್ಟುಡಿಯೊದಲ್ಲಿ ಸೇರಿಸಿಕೊಂಡಿತು. ಬೇರೆ ದೇಶದವರು ಬರೆದ ಕಥೆಗೆ ಇಲ್ಲಿ ಬಣ್ಣ ಹಚ್ಚುವಾಗ ನಮ್ಮ ಹುಡುಗ ಹುಡುಗಿಯರ ಮಾತು ಎಷ್ಟು ನಡೆದೀತು ಎಂಬ ಅನುಮಾನ ಸಹಜ. ಆದರೂ ಅವರಲ್ಲಿ ನನ್ನದೊಂದು ಕೋರಿಕೆ. ಕಪ್ಪು ಮೈಯ ಪಾತ್ರ ನಿಮ್ಮ ಮೇಜಿಗೆ ಬಂದಾಗ ತಿಳಿ ಮುಖದ ಬೆಳಕನ್ನೇ ಅದಕ್ಕೂ ಹೊಂದಿಸಿ ಮುಗಿಸಬೇಡಿ. ಒಮ್ಮೆ ಬೇಲೂರಿಗೆ ಹೋಗಿ, ಹೊತ್ತು ಏರಿ ಇಳಿಯುವಾಗ ಆ ಕಪ್ಪು ಕಲ್ಲಿನ ಮೈಮೇಲೆ ಬೆಳಕು ಏನು ಮಾಡುತ್ತದೆ ನೋಡಿ. ಯಲ್ಲಾಪುರಕ್ಕೂ ಹೋಗಿ, ಅಲ್ಲಿಯ ಜನ ಒಪ್ಪಿದರೆ ಅವರೊಡನೆ ಕುಳಿತು ಅವರ ಮುಖ ಬಿಡಿಸಿ, ಬಿಡಿಸಿದ್ದನ್ನು ಅವರಿಗೇ ತೋರಿಸಿ, ಸರಿಯೇ ಎಂದು ಕೇಳಿ. ಮನೆಯಲ್ಲಿ ಮಕ್ಕಳಿರುವವರಿಗೂ ಒಂದು ಮಾತು: ಆಟ ಶುರುವಾಗುವ ಮೊದಲು ಮಗು ತನ್ನ ಪಾತ್ರದ ಮೈಬಣ್ಣ ಆರಿಸುವಾಗ ಪಕ್ಕದಲ್ಲಿ ಕುಳಿತಿರಿ. ತನಗಿಂತ ಬೆಳ್ಳಗಿನದನ್ನು ಆರಿಸಿದರೆ ಗದರಬೇಡಿ, ಏಕೆ ಎಂದು ಕೇಳಿ, ಉತ್ತರವನ್ನು ಕೊನೆಯವರೆಗೆ ಕೇಳಿಸಿಕೊಳ್ಳಿ.